ಆರ್ಮ್‌ಸ್ಟ್ರಾಂಗ್ ಮನೆಯ ಗ್ರಾಮಫೋನ್ ತಟ್ಟೆಗಳು: ಟ್ರಂಪೆಟ್ಟಿನೊಳಗೆ ಕರೂಸೋ ಬಂದದ್ದು ಹೇಗೆ

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1930ರಲ್ಲಿ ಓಕೆ ಎಂಬ ತಟ್ಟೆ ಕಂಪನಿಗೆ ನುಡಿಸಿದ ‘ಡೈನಾ’ವನ್ನು ಕಿವಿಗೊಟ್ಟು ಕೇಳಿ. ಟ್ರಂಪೆಟ್ ಓಟದ ನಡುವೆ ತಟ್ಟನೆ ಒಂದು ಸಾಲು ಬರುತ್ತದೆ. ಅದು ಆ ಹಾಡಿನದಲ್ಲ, ಜಾಝ್‌ನದೂ ಅಲ್ಲ. ವೆರ್ಡಿಯ ‘ರಿಗೊಲೆಟ್ಟೊ’ ಒಪೆರಾದಲ್ಲಿ ನಾಲ್ವರು ಕೂಡಿ ಹಾಡುವ ಭಾಗದ್ದು. ನ್ಯೂ ಆರ್ಲಿಯನ್ಸಿನ ಬಡ ಕೇರಿಯಲ್ಲಿ ಬೆಳೆದ ಹುಡುಗನ ಬಾಯಿಗೆ ಇಟಲಿಯ ಒಪೆರಾ ಎಲ್ಲಿಂದ ಬಂತು? ಆ ಊರಿನಲ್ಲಿ ಒಪೆರಾ ಮಂದಿರವೇನೋ ಇತ್ತು. ಆದರೆ ಉತ್ತರಕ್ಕೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ, ಅದು ಅವರ ಮನೆಯ ತಟ್ಟೆಗಳಲ್ಲೇ ಇದೆ.

ಹದಿಹರೆಯ ಮುಗಿಯುವ ಹೊತ್ತಿಗೆ ಆರ್ಮ್‌ಸ್ಟ್ರಾಂಗ್ ಕೀಲಿ ಕೊಡುವ ವಿಕ್ಟ್ರೋಲಾ ಗ್ರಾಮಫೋನ್ ಒಂದನ್ನು ಕೊಂಡಿದ್ದರು. ತನ್ನ ಬಳಿ ಆಗ ಯಾವ ಯಾವ ತಟ್ಟೆಗಳಿದ್ದವು ಎಂಬುದನ್ನು ವಯಸ್ಸಾದ ಮೇಲೆ ಅವರೇ ನೆನೆದಿದ್ದಾರೆ. ಹೆಚ್ಚಿನವು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡಿನವು. ಜತೆಗೆ ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರೂಸೋ, ಅಲ್ಲಿಯದೇ ಗಾಯಕಿಯರಾದ ಟೆಟ್ರಾಜೀನಿ, ಗಾಲ್ಲಿ-ಕೂರ್ಚಿ, ಜನಪ್ರಿಯ ಹಾಡುಗಳ ಗಾಯಕ ಹೆನ್ರಿ ಬರ್, ಐರಿಶ್ ಗಾಯಕ ಜಾನ್ ಮೆಕಾರ್ಮಾಕ್. ಮೆಕಾರ್ಮಾಕ್ ಸಾಲನ್ನು ಬಿಡಿಸಿ ಹಾಡುವ ರೀತಿಯನ್ನು ಅವರು ವಿಶೇಷವಾಗಿ ಮೆಚ್ಚಿದ್ದರು. ಇದೊಂದು ಮಾತು ಸಾಕು, ಆ ಹುಡುಗ ಏನನ್ನು ಕೇಳಿಸಿಕೊಳ್ಳುತ್ತಿದ್ದ ಎಂದು ತಿಳಿಯಲು. ದೊಡ್ಡ ದನಿಯನ್ನಲ್ಲ, ಉಸಿರು ಎಲ್ಲಿ ಮುರಿಯುತ್ತದೆ, ಸಾಲು ಎಲ್ಲಿ ಇಳಿದು ನಿಲ್ಲುತ್ತದೆ ಎಂಬುದನ್ನು.

ಆ ಕಾಲದ ಯಂತ್ರವೂ ಇದರಲ್ಲಿ ಪಾಲುದಾರ. 1925ಕ್ಕೆ ಮುಂಚೆ ತಟ್ಟೆ ಮುದ್ರಿಸಲು ಸಾಮಾನ್ಯವಾಗಿ ಮೈಕ್ ಬಳಸುತ್ತಿರಲಿಲ್ಲ. ಕಲಾವಿದರು ದೊಡ್ಡ ಕೊಂಬಿನ ಮುಂದೆ ನಿಲ್ಲುತ್ತಿದ್ದರು, ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಹಾಗೆ ಹಿಡಿಯಲು ಸಾಧ್ಯವಾಗುತ್ತಿದ್ದದ್ದು ಸುಮಾರು 200ರಿಂದ 2,500 ಹರ್ಟ್ಸ್‌ವರೆಗಿನ ದನಿ ಮಾತ್ರ. ದೊಡ್ಡ ಡ್ರಮ್ ಬಾರಿಸಿದರೆ ಸೂಜಿ ಎಗರಿ ಗೆರೆ ಕೆಡುತ್ತಿತ್ತು, ಪಿಟೀಲು ತೆಳುವಾಗಿ ಕರಗಿಹೋಗುತ್ತಿತ್ತು. ಸ್ಪಷ್ಟವಾಗಿ ಉಳಿಯುತ್ತಿದ್ದವು ಎರಡೇ: ತುಂಬು ಕಂಠದ ಗಾಯನ ಮತ್ತು ಹಿತ್ತಾಳೆಯ ವಾದ್ಯ. ಟ್ರಂಪೆಟ್ಟಿನಂಥದೇ ಗಿಡ್ಡ ವಾದ್ಯವಾದ ಕಾರ್ನೆಟ್ ಕಲಿಯುವ ಹುಡುಗನಿಗೆ ಕರೂಸೋ ಅಷ್ಟು ಹತ್ತಿರದವನಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತು ಅಂಗುಲದ ತಟ್ಟೆಯ ಒಂದು ಮುಖ ಸುಮಾರು ಮೂರು ನಿಮಿಷ. ಅಷ್ಟರೊಳಗೆ ಮೆಲ್ಲಗೆ ಆರಂಭಿಸಿ, ಏರಿ, ತುದಿಯ ಸ್ವರವನ್ನು ಹಿಡಿದು ಮುಗಿಸಬೇಕು. 1930ರ ಆಸುಪಾಸಿನ ಆರ್ಮ್‌ಸ್ಟ್ರಾಂಗ್ ಮುದ್ರಿಕೆಗಳಲ್ಲಿ ಕೊನೆಯ ಎತ್ತರದ ಸ್ವರದ ಕಡೆಗೆ ಇಡೀ ಹಾಡು ಏರುವ ಕ್ರಮ ಇದೇ ಅಚ್ಚಿನದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಡಿಕ್ಸಿಲ್ಯಾಂಡ್ ಬ್ಯಾಂಡಿನ ಕಥೆ ಸ್ವಲ್ಪ ಕಹಿ. ಕಪ್ಪು ಜನರ ಕೇರಿಗಳಲ್ಲಿ ಬೆಳೆದ ಸಂಗೀತ ಜಾಝ್ ಎಂಬ ಹೆಸರಿನಲ್ಲಿ 1917ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ತಟ್ಟೆಗೆ ಏರಿದ್ದು ಈ ಬಿಳಿಯರ ತಂಡದಿಂದ. ಆದರೂ ಆರ್ಮ್‌ಸ್ಟ್ರಾಂಗ್ ಅದನ್ನು ತೆರೆದ ಮನಸ್ಸಿನಿಂದ ಕೇಳಿದರು. ಅವರು ಹೆಸರಿಟ್ಟು ನೆನೆದದ್ದು ಆ ತಂಡದ ಕ್ಲಾರಿನೆಟ್ ವಾದಕ ಲ್ಯಾರಿ ಶೀಲ್ಡ್ಸ್‌ನನ್ನು. ಎಳೆಯ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ಟಿನಲ್ಲೂ ಕ್ಲಾರಿನೆಟ್ಟಿನಂತೆ ಮೇಲೆ ಕೆಳಗೆ ಓಡುತ್ತಿದ್ದರು. ಅದನ್ನು ತಡೆದು, ಹಾಡಿನ ಮೂಲ ಧಾಟಿಯನ್ನು ಹಿಡಿದು ನುಡಿಸು ಎಂದು ತಿದ್ದಿದವರು ಗುರು ಕಿಂಗ್ ಆಲಿವರ್. ಆ ಪಾಠ ತಟ್ಟೆಯಿಂದ ಬರುವಂಥದ್ದಲ್ಲ.

ಈ ಎಳೆಗಳೆಲ್ಲ ಒಂದೇ ಕಡೆ ಸೇರಿದ್ದು ನೋಡಬೇಕಾದರೆ ‘ಟೈಗರ್ ರ್‍ಯಾಗ್’ ಕೇಳಬೇಕು. ಡಿಕ್ಸಿಲ್ಯಾಂಡ್ ಬ್ಯಾಂಡ್ ಅದನ್ನು 1918ರಲ್ಲಿ ವಿಕ್ಟರ್ ಕಂಪನಿಗೆ ನುಡಿಸಿತ್ತು. ಆರ್ಮ್‌ಸ್ಟ್ರಾಂಗ್ 1930ರಲ್ಲಿ ನುಡಿಸುವಾಗ ಅದೇ ಹಾಡಿನೊಳಗೆ ‘ಪಾಲ್ಯಾಚ್ಚಿ’ ಒಪೆರಾದ ಸಾಲೊಂದನ್ನು ಸೇರಿಸಿದರು. ಕರೂಸೋ ತಟ್ಟೆಗಳಿಂದ ಲೋಕಪ್ರಸಿದ್ಧವಾದ ಸಾಲು ಅದು. ಇನ್ನು 1928ರ ಜೂನ್ 28ರಂದು ಷಿಕಾಗೋದಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ಹಾಡು ಆಲಿವರ್‌ದು. ಆದರೆ ಆರಂಭದಲ್ಲಿ ತಾಳವೂ ಪಕ್ಕವಾದ್ಯವೂ ಇಲ್ಲದೆ ಟ್ರಂಪೆಟ್ ಒಂಟಿಯಾಗಿ ಹರಿಯುವ ಆ ಕೆಲವೇ ಸೆಕೆಂಡುಗಳು ಒಪೆರಾದ ಕಡೆಯಿಂದ ಬಂದಂತೆ ಕೇಳುತ್ತವೆ. ಅಲ್ಲಿ ವಾದ್ಯವೃಂದ ಸುಮ್ಮನಾಗುತ್ತದೆ, ಗಾಯಕ ಒಬ್ಬನೇ ಉಸಿರು ಹಿಡಿದು ಹರಿಯುತ್ತಾನೆ. ಬ್ಯಾಂಡ್‌ಸ್ಟ್ಯಾಂಡಿನ ಕಾರ್ನೆಟ್ ಪಟುಗಳಲ್ಲೂ ಈ ರೂಢಿ ಇತ್ತು ಎಂಬುದನ್ನು ಮರೆಯಬಾರದು.

ಗೈ ಲೊಂಬಾರ್ಡೊನ ಮೃದುವಾದ ನೃತ್ಯಸಂಗೀತವನ್ನೂ ಆರ್ಮ್‌ಸ್ಟ್ರಾಂಗ್ ಬಹಿರಂಗವಾಗಿಯೇ ಹೊಗಳುತ್ತಿದ್ದರು. ಜಾಝ್ ವಿಮರ್ಶಕರಿಗೆ ಇದು ಇರುಸುಮುರುಸು. ಆದರೆ 1929ರ ನಂತರ ಅವರ ಹಿಂದೆ ಕೇಳುವ ಸ್ಯಾಕ್ಸೊಫೋನ್ ಸಾಲುಗಳ ಜೇನಿನಂಥ ಲೇಪಕ್ಕೆ ಬೇರೆ ವಿವರಣೆ ಹುಡುಕುವುದು ವ್ಯರ್ಥ.

1943ರಲ್ಲಿ ಆರ್ಮ್‌ಸ್ಟ್ರಾಂಗ್ ದಂಪತಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕರೋನಾದಲ್ಲಿ ಮನೆ ಮಾಡಿದರು. ತಟ್ಟೆಗಳು ಅಲ್ಲಿ ಸೇರಿದವು. ಆದರೆ ವರ್ಷದ ಹೆಚ್ಚಿನ ದಿನ ಮನೆಯ ಯಜಮಾನ ಊರೂರು ತಿರುಗುತ್ತಿದ್ದರು. ಅರಗಿನ ತಟ್ಟೆ ಒಂದಕ್ಕೆ ಸುಮಾರು 200 ಗ್ರಾಂ ತೂಕ, ಕೈತಪ್ಪಿದರೆ ಚೂರು. 1950ರ ಕೊನೆಯಲ್ಲಿ ಕೊಂಡ ಸ್ಪೂಲ್ ಟೇಪ್ ಯಂತ್ರ ಈ ತೊಡಕನ್ನು ಬಿಡಿಸಿತು. ಲೆಕ್ಕ ನೋಡಿ: 7 ಅಂಗುಲದ ಸ್ಪೂಲಿನಲ್ಲಿ 1,200 ಅಡಿ ಟೇಪು. ಸೆಕೆಂಡಿಗೆ ಮೂರೂಮುಕ್ಕಾಲು ಅಂಗುಲದ ವೇಗದಲ್ಲಿ ಒಂದು ದಿಕ್ಕಿಗೆ 64 ನಿಮಿಷ, ತಿರುಗಿಸಿ ಹಾಕಿದರೆ ಇನ್ನೊಂದು 64. ತಟ್ಟೆಯ 40 ಮುಖಗಳು, ಅಂದರೆ 20 ತಟ್ಟೆಗಳ ನಾಲ್ಕು ಕಿಲೋ ಸಂಗೀತ, ಒಂದು ಪುಟ್ಟ ಡಬ್ಬಿಯಲ್ಲಿ. ಪ್ರವಾಸದ ಟ್ರಂಕಿನಲ್ಲೇ ಟೇಪ್ ಯಂತ್ರ, ತಟ್ಟೆ ಯಂತ್ರಗಳನ್ನು ಕೂರಿಸಿಕೊಂಡಿದ್ದರು. ತಟ್ಟೆಗಳ ಜತೆಗೆ ಹರಟೆ, ನಗು, ವೇದಿಕೆಯ ಹಿಂದಿನ ಮಾತುಗಳೂ ಟೇಪಿಗೆ ಬಂದವು. ಡಬ್ಬಿಗಳಿಗೆ ಸಂಖ್ಯೆ, ಒಳಗಿರುವುದರ ಪಟ್ಟಿ. ಹಲವುದರ ಮೇಲೆ ಪತ್ರಿಕೆ, ಫೋಟೊಗಳಿಂದ ಕತ್ತರಿಸಿ ಅಂಟುಪಟ್ಟಿಯಿಂದ ಜೋಡಿಸಿದ ಚಿತ್ರ.

ಉಳಿಸಿಕೊಳ್ಳುವವರಿಗೆ ತಲೆನೋವಾಗಿರುವುದು ಆ ಅಂಟುಪಟ್ಟಿಯೇ. ಹಳೆಯದಾದಂತೆ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಪಟ್ಟಿ ಒಣಗಿ ಉದುರುತ್ತದೆ. ಆ ಕಾಲದ ಅಸಿಟೇಟ್ ಟೇಪು ತೇವ, ಸೆಕೆಗೆ ಸಿಕ್ಕರೆ ವಿನೆಗರ್ ವಾಸನೆ ಬಿಟ್ಟು ಸುರುಟಿಕೊಳ್ಳುತ್ತದೆ. ಎರಡೂ ದಿಕ್ಕಿಗೆ ಮುದ್ರಿಸಿದ ಸ್ಪೂಲನ್ನು ಪೂರ್ಣ ಅಗಲದ ಹೆಡ್ ಇರುವ ಯಂತ್ರಕ್ಕೆ ಹಾಕಿದರೆ ಒಂದು ಹಾಡಿನ ಮೇಲೆ ಇನ್ನೊಂದು ಹಾಡು ಹಿಂದುಮುಂದಾಗಿ ಕೇಳುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರಂತೂ ಅರಗೇ ಕರಗಿ ಗೆರೆ ಹೋಗುತ್ತದೆ. ನಂತರ ಬಂದ ಎಲ್‌ಪಿ ತಟ್ಟೆಯ ಸಣ್ಣ ಸೂಜಿಯನ್ನು ಅದಕ್ಕೆ ಹಚ್ಚಿದರೆ ಅದು ಗೆರೆಯ ತಳ ಮುಟ್ಟಿ ಬರೀ ಕೊರಕೊರ. ಬೇಕಾದದ್ದು ಸುಮಾರು ಮೂರು ಪಟ್ಟು ದಪ್ಪದ ತುದಿ. ಕರೂಸೋನನ್ನೂ ಆರ್ಮ್‌ಸ್ಟ್ರಾಂಗರನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವವರು ವೇಗವನ್ನೂ ಸರಿಪಡಿಸಬೇಕು. ನಿಮಿಷಕ್ಕೆ 76 ಸುತ್ತಿನಲ್ಲಿ ಕೆತ್ತಿದ ಹಳೆಯ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರೆಸ್ವರದ ಅರ್ಧದಷ್ಟು ಮೇಲೇರುತ್ತದೆ, ಗಾಯಕನ ಕಂಠದ ಬಣ್ಣವೇ ಬದಲಾಗುತ್ತದೆ.

1971ರ ಜುಲೈ 6ರಂದು ಆರ್ಮ್‌ಸ್ಟ್ರಾಂಗ್ ತೀರಿಕೊಂಡರು. ಆಸ್ಪತ್ರೆಯಿಂದ ಮರಳಿದ ಮೇಲಿನ ಕೊನೆಯ ವರ್ಷಗಳಲ್ಲೂ ತಟ್ಟೆಗಳನ್ನು ಟೇಪಿಗೆ ಇಳಿಸುವುದು, ಪಟ್ಟಿ ಬರೆಯುವುದು ನಡೆದೇ ಇತ್ತು. ಸುಮಾರು 1,600 ಮುದ್ರಿಕೆಗಳು, 650ರಷ್ಟು ಟೇಪುಗಳು, 86 ಸ್ಕ್ರ್ಯಾಪ್‌ಬುಕ್‌ಗಳು ಮೊದಲು ಕ್ವೀನ್ಸ್ ಕಾಲೇಜಿನ ಆಶ್ರಯ ಸೇರಿದವು. ಮನೆ 2003ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು, ಅದರ ಎದುರಿನ ಹೊಸ ಕೇಂದ್ರ 2023ರಲ್ಲಿ. ಮನೆಯ ಕೋಣೆಗಳಲ್ಲಿ ಈಗ ಸಂದರ್ಶಕರಿಗೆ ಆ ಟೇಪುಗಳ ತುಣುಕುಗಳನ್ನೇ ಕೇಳಿಸುತ್ತಾರೆ.