ಮಳೆಕಾಡಿನ ಮರಕ್ಕೂ ಏರ್ ಹಿಡಿಯುತ್ತದೆ

ಕಲಬುರಗಿಯ ತೊಗರಿ ರೈತರಿಗೆ ನೆಟೆ ರೋಗ ಗೊತ್ತೇ ಇದೆ. ಎರೆ ಹೊಲದಲ್ಲಿ ತೇವ ಇರುತ್ತದೆ. ಆದರೂ ಹೂ, ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಬೇರಿನಿಂದ ಹತ್ತಿದ ಶಿಲೀಂಧ್ರ ನೀರೇರುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ.

ಬುಡದಲ್ಲಿ ನೀರಿದ್ದರೆ ಸಾಲದು, ಅದು ತುದಿಗೆ ಏರಬೇಕು. ಮಳೆಕಾಡಿನ ಮರಗಳ ವಿಷಯದಲ್ಲಿ ಇದು ವಿಜ್ಞಾನಿಗಳಿಗೆ ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. ನಮ್ಮ ಜಿಲ್ಲೆಯ ಎರಡು ಪಟ್ಟಿಗೂ ಜಾಸ್ತಿ ಮಳೆ ಬೀಳುವ ಕಾಡಿಗೆ ನೀರಿನ ಚಿಂತೆ ಎಲ್ಲಿಂದ ಬರಬೇಕು, ಅಲ್ವಾ?

ಆದರೆ ಪೂರ್ವ ಅಮೆಜಾನಿನ ಕೆಲವೆಡೆ ತಿಂಗಳುಗಟ್ಟಲೆ ಮಳೆ ತೀರಾ ಕಡಿಮೆ. ಕಾಡು ಮಾತ್ರ ಹಸಿರಾಗೇ ಇರುತ್ತದೆ. ಕಾರಣ ತಿಳಿದದ್ದು 1994ರಲ್ಲಿ: ಬೇರುಗಳು 8 ಮೀಟರಿಗೂ ಕೆಳಗಿಳಿದು ನೀರು ಹೀರುತ್ತಿದ್ದವು. ಮರಕ್ಕೆ ಆಗಿನ ಮಳೆಗಿಂತ ಮಣ್ಣು ಕೂಡಿಟ್ಟ ನೀರೇ ಮುಖ್ಯ.

ಆ ಗಂಟೂ ಕರಗಿದರೆ? ಅದನ್ನು ನೋಡಲು 2002ರಲ್ಲಿ ಬ್ರೆಜಿಲ್‌ನ ಕಶಿವಾನಾ ಕಾಡಿನಲ್ಲಿ ಒಂದು ಹೆಕ್ಟೇರಿಗೆ ಪ್ಲಾಸ್ಟಿಕ್ ಹಲಗೆಯ ಚಪ್ಪರ ಹಾಕಿದರು. ಮರಗಳ ಮೇಲಲ್ಲ, ಕೆಳಗೆ, ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲಿ. ಬೀಳುವ ಮಳೆಯಲ್ಲಿ ಸುಮಾರು ಅರ್ಧದಷ್ಟು ಹೊರಗೆ ಹರಿದುಹೋಗುತ್ತಿತ್ತು. ಮೊದಮೊದಲು ಅಂಥದ್ದೇನೂ ಆಗಲಿಲ್ಲ. ಆಮೇಲೆ ಮರಗಳು ಉರುಳತೊಡಗಿದವು. ಸಣ್ಣವಲ್ಲ, ಮುಗಿಲು ಮುಟ್ಟುವಂಥ ದೊಡ್ಡ ಮರಗಳೇ.

ಸತ್ತದ್ದು ಹಸಿವಿನಿಂದಲೋ ದಾಹದಿಂದಲೋ ಎಂಬ ವಾದ ಎದ್ದಿತು. ಬರ ಬಂದರೆ ಮರ ಎಲೆಯ ರಂಧ್ರ ಮುಚ್ಚುತ್ತದೆ, ಆಹಾರ ತಯಾರಿ ನಿಲ್ಲುತ್ತದೆ, ಹಾಗಾಗಿ ಹಸಿವೇ ಇರಬೇಕೆಂದು ಹಲವರು ನಂಬಿದ್ದರು. ಹದಿಮೂರು ವರ್ಷಗಳ ಲೆಕ್ಕ 2015ರಲ್ಲಿ ಹೊರಬಂದಾಗ ಉತ್ತರ ಬೇರೆಯೇ ಇತ್ತು. ಮರಗಳೊಳಗೆ ಸಕ್ಕರೆ, ಪಿಷ್ಟ ಹಾಗೇ ಉಳಿದಿದ್ದವು. ಕೆಟ್ಟದ್ದು ಪೈಪು. ಒಣಗಿದ ಮಣ್ಣಿನಿಂದ ಎಳೆದೂ ಎಳೆದೂ ನಾಳದ ನೀರಿನೆಳೆ ತುಂಡಾಗಿ, ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಪಂಪ್‌ಸೆಟ್ಟಿಗೆ ಏರ್ ಹಿಡಿದಾಗ ಮೋಟಾರು ಸುಮ್ನೆ ತಿರುಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಎತ್ತರದ ಮರಕ್ಕೆ ಈ ಅಪಾಯ ಜಾಸ್ತಿ.

ನೀರು ಅತಿಯಾದರೂ ಕಷ್ಟವೇ. ಅಮೆಜಾನಿನ ಕೆಲವು ಹೊಳೆದಂಡೆ ಮರಗಳು ವರ್ಷದಲ್ಲಿ ಹಲವು ತಿಂಗಳು ಮುಳುಗಿದ್ದೂ ಬದುಕುತ್ತವೆ. ನೀರಿಳಿದಾಗ ಮಣ್ಣಿಗೆ ಗಾಳಿ ಬರುತ್ತದೆ, ಬೇರು ಉಸಿರಾಡುತ್ತದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಉವಾಟುಮಾ ನದಿಗೆ ಬಾಲ್ಬಿನಾ ಅಣೆಕಟ್ಟು ಬಂತು. ಅಣೆಕಟ್ಟಿನಿಂದ ಕೆಳಗಿನ ದಂಡೆಯ ತಗ್ಗುಗಳಲ್ಲಿ ನೀರಿಳಿಯುವ ಕಾಲವೇ ತಪ್ಪಿತು. ತಗ್ಗಿನಲ್ಲಿದ್ದ ಮರಗಳು ವರ್ಷಗಟ್ಟಲೆ ನೀರಲ್ಲೇ ನಿಂತು ಸತ್ತವು. ಎರೆ ಹೊಲದಲ್ಲಾದರೆ ಬಸಿಗಾಲುವೆ ತೆಗೆದು ನೀರು ಬಿಡಬಹುದು. ಅಲ್ಲಿ ನೀರು ಏರುವುದು, ಇಳಿಯುವುದು ಈಗ ಅಣೆಕಟ್ಟಿನ ಗೇಟಿನ ಕೈಯಲ್ಲಿದೆ.