ಪಾಯವಿಲ್ಲದ ಮನೆ

ನಮ್ಮಲ್ಲಿ ಯಾರಾದರೂ "ಮನೆ ಕಟ್ಟಿಸ್ತಿದ್ದೀವಿ" ಅಂದರೆ ಮುಂದಿನ ಪ್ರಶ್ನೆ "ಸೈಟ್ ಎಲ್ಲಿ?" ಅಂತಲೇ. ಮೊದಲು ಜಾಗ, ಆಮೇಲೆ ಪಾಯ, ಆಮೇಲೆ ಮನೆ. ಮಂಗೋಲಿಯಾದ ಕುರಿಗಾಹಿಗಳಿಗೆ ಈ ಲೆಕ್ಕವೇ ಹೊಂದುವುದಿಲ್ಲ. ಹುಲ್ಲು ಮುಗಿದರೆ ಅವರ ಮನೆಯೂ ಕುರಿಗಳ ಜೊತೆ ಹೊರಡುತ್ತದೆ, ವರ್ಷಕ್ಕೆ ಹಲವು ಸಲ.

ಈ ಮನೆಗೆ ಅವರು ಗೆರ್ ಅಂತಾರೆ. ಹೊರಗಿನವರು ಯುರ್ಟ್ ಅನ್ನುವುದೇ ಜಾಸ್ತಿ, ಆದರೆ ಟರ್ಕಿಯ ಭಾಷೆಯಲ್ಲಿ ಯುರ್ಟ್ ಅಂದರೆ ನಾಡು. ಗೆರ್ ಅಂದರೆ ಮನೆ, ಅಷ್ಟೇ. ಮದುವೆಯಾಗುವುದಕ್ಕೆ ಅವರ ಮಾತು 'ಗೆರ್ಲೆಖ್', ಹೆಂಡತಿ 'ಗೆರ್ಗಿ'. "ನಮ್ಮನೆಯವರು" ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಅದನ್ನು ಕಟ್ಟುವ ರೀತಿ ನೋಡಿ. ಗೋಡೆ ಅಂದರೆ ಮರದ ಪಟ್ಟಿಗಳ ಜಾಲರಿ, ಅಂಗಡಿಯ ಕೊಲ್ಯಾಪ್ಸಿಬಲ್ ಗೇಟಿನ ಹಾಗೆ ಎಳೆದರೆ ಅಗಲ, ತಳ್ಳಿದರೆ ಒಂದು ಕಟ್ಟು. ನಡುವೆ ಎರಡು ಕಂಬ, ಮೇಲೆ 'ತೋನೊ' ಅನ್ನುವ ಮರದ ಬಳೆ, ಬಳೆಯಿಂದ ಗೋಡೆಗೆ ಕೋಲುಗಳು. ಮಾಡಿನ ಭಾರ ಗೋಡೆಯನ್ನು ಹೊರಕ್ಕೆ ನೂಕುತ್ತದಲ್ಲ, ಆಗ ಸುತ್ತಲೂ ಬಿಗಿದ ಹಗ್ಗ ಎತ್ತಿನ ಗಾಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿಯಂತೆ ಎಲ್ಲವನ್ನೂ ಹಿಡಿದಿಡುತ್ತದೆ. ಒಂದು ಮೊಳೆಯೂ ಬೇಡ. ಕೈ ಪಳಗಿದವರಿಗೆ ಒಂದೆರಡು ಗಂಟೆಯ ಕೆಲಸ.

ದುಂಡಗೆ ಯಾಕೆ? ಅಷ್ಟೇ ನೆಲವನ್ನು ಚೌಕದಲ್ಲಿ ಸುತ್ತುವುದಕ್ಕಿಂತ ವೃತ್ತದಲ್ಲಿ ಸುತ್ತಿದರೆ ಗೋಡೆಯ ಉದ್ದ ಸುಮಾರು ಶೇ. 11 ಕಡಿಮೆ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ದಾಟುವ ಬಯಲಿನಲ್ಲಿ ಗೋಡೆ ಕಡಿಮೆಯಾದಷ್ಟೂ ಶಾಖ ಉಳಿಯುತ್ತದೆ, ಗಾಳಿಗೂ ಹೊಡೆಯಲು ಮೂಲೆ ಸಿಗುವುದಿಲ್ಲ. ಮೇಲೆ ಹೊದಿಸುವುದು ಕುರಿ ಉಣ್ಣೆಯದು, ಆದರೆ ನಮ್ಮ ಕಂಬಳಿಯಂತೆ ನೇಯ್ದದ್ದಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನಂತೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ನೀರು ಹಾಕಿ ಸುತ್ತಿ ಉರುಳಿಸಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ದಪ್ಪ ಹಾಳೆಯಾಗುತ್ತದೆ. ಬಿಸಿನೀರಿಗೆ ಹಾಕಿ ಸ್ವೆಟರ್ ಹಾಳು ಮಾಡಿಕೊಂಡವರಿಗೆ ಈ ವಿದ್ಯೆ ಗೊತ್ತು! ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿ ತಡೆಯುವುದು. ಬೇಸಿಗೆಯಲ್ಲಿ ಅದರ ಅಂಚನ್ನು ಸೀರೆ ನೆರಿಗೆ ಎತ್ತಿದಂತೆ ಮೇಲಕ್ಕೆ ಸಿಕ್ಕಿಸಿದರಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಳಗಿನ ವ್ಯವಸ್ಥೆ. ಎಲ್ಲಿಗೇ ಹೋಗಲಿ, ಬಾಗಿಲು ದಕ್ಷಿಣಕ್ಕೆ. ನಡುವೆ ಒಲೆ. ಪಶ್ಚಿಮಕ್ಕೆ ಗಂಡಸರ ಸಾಮಾನು, ಪೂರ್ವಕ್ಕೆ ಹೆಂಗಸರದು ಮತ್ತು ಅಡುಗೆ ಪಾತ್ರೆ, ಬಾಗಿಲಿನ ಎದುರಿನ ಉತ್ತರ ಭಾಗ ಹಿರಿಯರಿಗೂ ದೇವರಿಗೂ. ಹೊಸ್ತಿಲು ಮೆಟ್ಟುವಂತಿಲ್ಲ (ಅಜ್ಜಿ ನೆನಪಾದರಾ?). ತೋನೊದಿಂದ ಬೀಳುವ ಬಿಸಿಲು ಬೆಳಿಗ್ಗೆ ಪಶ್ಚಿಮದ ಗೋಡೆಯಲ್ಲಿ, ಮಧ್ಯಾಹ್ನ ಉತ್ತರದಲ್ಲಿ, ಸಂಜೆ ಪೂರ್ವದಲ್ಲಿ. ದಿಕ್ಕು ಬದಲಾಗದ ಕಾರಣ ಮನೆಯೇ ಗಡಿಯಾರ. ಹೊರಗಿನ ಬೆಟ್ಟ ಬದಲಾದರೂ ಕತ್ತಲಲ್ಲಿ ಚೊಂಬಿಗೆ ಕೈ ಹಾಕಿದರೆ ಅದು ನಿನ್ನೆ ಇದ್ದಲ್ಲೇ ಇರುತ್ತದೆ.

ಈಗ ರಾಜಧಾನಿ ಉಲಾನ್‌ಬಾತರ್‌ನ ಅಂಚಿನಲ್ಲೆಲ್ಲ ಗೆರ್‌ಗಳೇ. ಅಲ್ಲಿ ಪ್ರಜೆಗಳಿಗೆ 700 ಚದರ ಮೀಟರ್‌ವರೆಗೆ ಜಾಗ ಉಚಿತವಾಗಿ ಪಡೆಯುವ ಹಕ್ಕಿದೆ, ಅಂದರೆ ನಮ್ಮ ಆರು ಥರ್ಟಿ-ಫಾರ್ಟಿ ಸೈಟಿಗಿಂತ ಜಾಸ್ತಿ! ಬಯಲಿನಲ್ಲಿ ಒಣ ಸಗಣಿ ಸುಡುತ್ತಿದ್ದ ಒಲೆ ಇಲ್ಲಿ ಕಲ್ಲಿದ್ದಲು ತಿನ್ನುತ್ತದೆ. ಹೊಗೆ ಮಿತಿಮೀರಿ 2019ರಲ್ಲಿ ಕಚ್ಚಾ ಕಲ್ಲಿದ್ದಲನ್ನು ನಿಷೇಧಿಸಬೇಕಾಯಿತು. ಮತ್ತೆ ಪ್ರತಿ ಗೆರ್ ಸುತ್ತ ಈಗ ಎತ್ತರದ ಮರದ ಬೇಲಿ, ಬೇಲಿಗೊಂದು ಗೇಟು. ಹಗ್ಗ ಬಿಚ್ಚಿದರೆ ಇವತ್ತಿಗೂ ಎರಡು ಗಂಟೆಯಲ್ಲಿ ಹೊರಡಬಹುದಾದ ಮನೆ, ಸೈಟಿನ ನಡುವೆ ಕೂತಿದೆ.