ಕೂಸನ್ನ ಲೆಕ್ಕಕ್ಕೆ ಹಿಡಿದ್ರಾ?

2011ರ ಜನಗಣತಿ ಮುಗಿದ ಮೇಲೆ ಸರ್ಕಾರವೇ ಒಂದು ಸಣ್ಣ ಮರುಸಮೀಕ್ಷೆ ನಡೆಸಿ ಲೆಕ್ಕ ತಾಳೆ ನೋಡಿತು. ದೇಶದಲ್ಲಿ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದರು. ಆಗ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ ಚಿಲ್ಲರೆ. ಅದೇ ಪ್ರಮಾಣ ಇಲ್ಲಿಗೂ ಹಾಕಿದರೆ 40 ಸಾವಿರ ದಾಟುತ್ತೆ. ಸುಮ್ನೆ ಅಂದಾಜಿಗೆ ಹೇಳಿದೆ. ಜಿಲ್ಲೆಯ ನಿಜವಾದ ಅಂಕಿ ಬೇರೆಯೇ ಇರಬಹುದು.

ಎಣಿಕೆಗೇ ಸಿಗದವರು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ? ಇದಕ್ಕೊಂದು ಜಾಣ ಲೆಕ್ಕವಿದೆ. ಮೊದಲ ಪಟ್ಟಿಯಲ್ಲಿ 900 ಜನ ಇದ್ದಾರೆ ಅನ್ನಿ. ಬೇರೆಯವರು ಹೋಗಿ ಅದೇ ಊರಲ್ಲಿ 100 ಜನರನ್ನು ಹೊಸದಾಗಿ ಮಾತಾಡಿಸುತ್ತಾರೆ. ಆ ನೂರರಲ್ಲಿ 90 ಹೆಸರು ಮೊದಲ ಪಟ್ಟಿಯಲ್ಲೂ ಸಿಕ್ಕರೆ, ಮೊದಲ ಎಣಿಕೆ ನೂರಕ್ಕೆ 90 ಜನರನ್ನು ಹಿಡಿದಿದೆ ಎಂದರ್ಥ. ಹಾಗಾದರೆ ಊರಲ್ಲಿರುವವರು ಸುಮಾರು 1000. ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸುವುದರ ಹಿಂದೆಯೂ ಇದೇ ತರ್ಕ.

ಆದರೆ ಇದಕ್ಕೊಂದು ಷರತ್ತಿದೆ. ಮೊದಲ ಸಲ ತಪ್ಪಿಸಿಕೊಂಡವರು ಎರಡನೇ ಸಲವಾದರೂ ಸಿಗುವ ಹಾಗಿರಬೇಕು. ಹೆದರಿ ಬಾಗಿಲು ಹಾಕಿಕೊಂಡವರು ಎರಡು ಸಲವೂ ಹಾಕಿಕೊಳ್ಳುತ್ತಾರೆ, ಅಲ್ವಾ? ಅವರನ್ನು ಯಾವ ಸೂತ್ರವೂ ಪತ್ತೆ ಮಾಡಲ್ಲ. ಊರಿನವರ ನೆರವು ಬೇಕಾಗುವುದು ಇಲ್ಲೇ.

"ಬೈಕ್ ಐತಾ, ಟಿವಿ ಐತಾ ಅಂತ ಯಾಕ್ ಕೇಳ್ತೀರಿ? ರೇಷನ್ ಕಾರ್ಡ್ ತೆಗೀತೀರಾ?" ಈ ಅನುಮಾನ ಗೋಡೆಗೆ ಪೋಸ್ಟರ್ ಅಂಟಿಸಿದರೆ ಹೋಗಲ್ಲ. 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ, ಒಬ್ಬರು ಕೊಟ್ಟ ವಿವರವನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಆ ಕಾಯಿದೆಯದೇ ಮೊಕದ್ದಮೆ ಬಿಟ್ಟರೆ ಕೋರ್ಟಿನಲ್ಲೂ ಅದು ಸಾಕ್ಷಿಯಾಗಲ್ಲ. ಇದನ್ನು ಬೆಳಿಗ್ಗೆ ಹಾಲು ಹಾಕಲು ನಿಂತವರಿಗೆ ಡೇರಿ ಸೆಕ್ರೆಟರಿ ಹೇಳಿದರೆ ನಂಬುತ್ತಾರೆ. ಸ್ತ್ರೀಶಕ್ತಿ ಸಂಘದಲ್ಲಿ ಚರ್ಚೆಯಾದರೆ ಇನ್ನೂ ಒಳ್ಳೆಯದು.

ಹೆದರಿಕೆಯೇ ಇಲ್ಲದ ಮನೆಯಲ್ಲೂ ಲೆಕ್ಕ ತಪ್ಪುತ್ತೆ. ಎಳೆಮಕ್ಕಳು ಬಿಟ್ಟುಹೋಗುವುದು ಎಷ್ಟೋ ದೇಶಗಳ ತಲೆನೋವು. ನಮ್ಮಲ್ಲಂತೂ ಬಾಣಂತನ ಇದೆಯಲ್ಲ! ಮಗಳು ಮಗುವಿನ ಜೊತೆ ತವರಿನಲ್ಲಿರುತ್ತಾಳೆ. ಕೇಳಿದರೆ "ಅವಳು ಗಂಡನ ಮನೆ ಲೆಕ್ಕ ಬುಡಿ" ಅಂತಾರೆ. ಗಂಡನ ಮನೆಯವರು "ಇಲ್ಲಿಲ್ಲ, ತವರಿಗೆ ಹೋಗವ್ಳೆ" ಅಂತಾರೆ. ಕೂಸು ಎರಡೂ ಕಡೆ ಇಲ್ಲ. ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಅನ್ನುವುದು ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಗಣತಿಗೆ ಬಂದ ಮೇಷ್ಟ್ರು ಮೊದಲು ಇವರನ್ನು ಕಂಡು ಹೊರಟರೆ ಅರ್ಧ ಕೆಲಸ ಮುಗೀತು.

ಮುಂದಿನ ಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ. ಜನರನ್ನು ಎಣಿಸುವುದು ಫೆಬ್ರವರಿಯಲ್ಲಿ. ಕೊಡಗಿನಲ್ಲಿ ರೊಬಸ್ಟಾ ಕಾಫಿ ಕೊಯ್ಲು ನಡೆಯುವುದೂ ಆಗಲೇ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಆದಿವಾಸಿ ಹಾಡಿಗಳಿಂದ ಎಷ್ಟೋ ಜನ ಕೂಲಿಗೆ ಅಲ್ಲಿಗೆ ಹೋಗುತ್ತಾರೆ. ಹಾಡಿಯಲ್ಲಿ ನೋಡಿದರೆ ಮನೆಗೆ ಬೀಗ. ತೋಟದಲ್ಲಿ ಕೂಲಿಯವರಿರುವ ಲೈನ್ ಮನೆಯಲ್ಲಿ ಕೇಳಿದರೆ "ಇವರು ಇಲ್ಲಿಯವರಲ್ಲ". ಯಾರು ಯಾವ ತೋಟದಲ್ಲಿದ್ದಾರೆ ಅಂತ ಹಾಡಿಯ ಯಜಮಾನರನ್ನು, ಆಳು ಕರೆದೊಯ್ಯುವ ಮೇಸ್ತ್ರಿಯನ್ನು ಕೇಳಬೇಕು. ಅದೂ ಜನವರಿಯಲ್ಲೇ. ಜೀಪು ಹೊರಟ ಮೇಲೆ ಮೇಸ್ತ್ರಿಯೂ ಸಿಗಲ್ಲ.